ಬುಧವಾರ ಸಂಜೆ ಆರರ ಐಸ್

ನಮ್ಮ ದೇಶ ಐಸ್ ಹಾಕಿಯಲ್ಲಿ ವಿಶ್ವ ಚಾಂಪಿಯನ್ ಆದ ಆ ವರ್ಷ ನಮ್ಮೂರು ಹೌಕಿಸಲ್ಮಿಗೂ ಒಂದು ಚಿನ್ನದ ಪದಕ ಬಂತು. ತಂದವನು ನಮ್ಮ ವೇತಿ ರಂತಲಾ, ತಂಡದ ಮೂರನೆಯ ಗೋಲ್‌ಕೀಪರ್. ಮೊದಲನೆಯವನು ಆಡುತ್ತಾನೆ. ಎರಡನೆಯವನು ಬೆಂಚಿನಲ್ಲಿ ಕೂತು ಆಟಗಾರರಿಗೆ ಬಾಗಿಲು ತೆಗೆದು ಹಾಕುತ್ತಾನೆ. ಮೂರನೆಯವನು ಕೋಟು ತೊಟ್ಟು ಪ್ರೇಕ್ಷಕರ ಮಧ್ಯೆ ಕೂತು ಚಪ್ಪಾಳೆ ತಟ್ಟುತ್ತಾನೆ. ಕೊನೆಗೆ ಮೂವರ ಕೊರಳಿಗೂ ಒಂದೇ ತೂಕದ ಪದಕ. ನಿಯಮ ಹಾಗಿದೆ, ನನಗೇನೂ ಹೊಟ್ಟೆಕಿಚ್ಚಿಲ್ಲ. 'ಇಡೀ ಟೂರ್ನಿಯಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದ ನಮ್ಮೂರ ಗೋಡೆ' ಎಂದು ನಮ್ಮ ಪತ್ರಿಕೆ ಮುಖಪುಟದಲ್ಲಿ ಬರೆಯಿತು. ಸುಳ್ಳೇನಲ್ಲವಲ್ಲ.

ಫೈನಲ್ ಮುಗಿದ ಸಂಜೆ ಊರಿಗೆ ಊರೇ ಸಂತೆ ಚೌಕಕ್ಕೆ ಬಂದು ಕೂಗಾಡಿತು. ರಾಜಧಾನಿಯಲ್ಲಿ ಇಂಥ ದಿನ ಜನ ಕಾರಂಜಿಗೆ ಹಾರುತ್ತಾರೆ. ನಮ್ಮಲ್ಲಿ ಕಾರಂಜಿ ಇಲ್ಲ, ಹಿಂದೆ ಕುದುರೆಗಳಿಗೆ ನೀರಿಡುತ್ತಿದ್ದ ಕಲ್ಲುತೊಟ್ಟಿ ಇದೆ. ನಗರಸಭೆಯ ಅಧ್ಯಕ್ಷ ರೈನೆ ಪೆಲ್ತೊಮಾ ಅದಕ್ಕೇ ಹಾರಿದ. ನೀರು ಮೊಣಕಾಲಿನಷ್ಟು, ಮನುಷ್ಯ ನೂರು ಕಿಲೋ ಮೇಲೆ. ಮಂಡಿ ಊದಿಸಿಕೊಂಡು ಆಮೇಲೆ ಎಷ್ಟೋ ದಿನ ಕುಂಟಿದ. ಏನಾಯಿತು ಎಂದು ಯಾರಾದರೂ ಕೇಳಿದರೆ, 'ದೇಶಕ್ಕೋಸ್ಕರ' ಎನ್ನುತ್ತಿದ್ದ. ರೈನೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಆಗಲೂ ಹೀಗೇ ಇದ್ದ, ತೂಕ ಮಾತ್ರ ಕಮ್ಮಿ.

ನನ್ನ ಹೆಸರು ತೆರ್ತು. ಊರಿನ ಹಾಕಿ ಹಾಲ್‌ನ ಬಾಗಿಲ ಪಕ್ಕ ಕಾಫಿ, ಏಲಕ್ಕಿ ಬನ್ನು, ಬಿಸಿ ಸಾಸೇಜು ಮಾರುವ ಅಂಗಡಿ ನನ್ನದು. ಹಾಲ್‌ನ ಹಿಂದೆ ಸರೋವರದ ದಂಡೆಯ ಮೇಲಿರುವ ಸೌನಾ ಕೂಡ ನನ್ನದೇ. ಗಂಡ ಬದುಕಿದ್ದಾಗ ತನ್ನ ಕೈಯಾರೆ ಕಟ್ಟಿದ್ದು. ಆಟ ಮುಗಿಸಿ ಬಂದವರು ಕೀಲಿ ಇಸಿದುಕೊಂಡು ಹೋಗುತ್ತಾರೆ, ಕಲ್ಲು ಕಾಯಿಸಿ ನೀರು ಎರಚಿ ಹಬೆಯಲ್ಲಿ ಬೇಯುತ್ತಾರೆ, ಸರೋವರಕ್ಕೆ ಬೀಳುತ್ತಾರೆ, ಕೀಲಿ ತಂದು ಕೊಡುತ್ತಾರೆ. ಈ ಕೀಲಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮೂರಲ್ಲಿ ಮನೆ ಸಿಗುತ್ತದೆ, ಕೆಲಸ ಸಿಗುತ್ತದೆ, ಬೇಕೆಂದರೆ ಒಳ್ಳೆಯ ಗಂಡನೂ ಸಿಕ್ಕಾನು. ಹಾಲ್‌ನಲ್ಲಿ ಒಂದು ಗಂಟೆ ಐಸ್ ಮಾತ್ರ ಸಿಗುವುದಿಲ್ಲ. ಇರುವುದೊಂದೇ ಅಂಕಣ, ಊರಿಗೆಲ್ಲ ಸ್ಕೇಟು ಕಟ್ಟಿಕೊಳ್ಳುವ ಹುಚ್ಚು. ಯಾವ ತಂಡಕ್ಕೆ ಯಾವ ದಿನ ಯಾವ ಹೊತ್ತು ಎಂಬುದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಎಲ್ಲಕ್ಕಿಂತ ಒಳ್ಳೆಯ ಹೊತ್ತು ಎಂದರೆ ಬುಧವಾರ ಸಂಜೆ ಆರು ಗಂಟೆ. ಅದು ಯಾರದು ಅಂತೀರಿ? 'ಹಳೇ ಕರಡಿಗಳು' ಎಂಬ ತಂಡದ್ದು. ರೈನೆ, ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಇಂಥ ದೊಡ್ಡ ಮನುಷ್ಯರೇ ಸೇರಿ ಕಟ್ಟಿದ ತಂಡ. ಅವರು ಆಡುವುದನ್ನು ನಾನು ಅಂಗಡಿಯಿಂದ ನೋಡುತ್ತೇನೆ. ಪಕ್ ಎಂಬ ಆ ರಬ್ಬರ್ ಬಿಲ್ಲೆ ಮುಂದೆ ಹೋದ ಮೇಲೆ ಇವರು ಹೊರಡುತ್ತಾರೆ, ಇವರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದು ವಾಪಸು ಬಂದಿರುತ್ತದೆ. ಅರ್ಧ ಗಂಟೆ ಹಾಗೆ ಓಡಾಡಿ, ಇನ್ನರ್ಧ ಗಂಟೆ ಕೋಲಿಗೆ ಗದ್ದ ಊರಿ ನಗರಸಭೆಯ ವಿಚಾರ ಮಾತಾಡಿ, ಬಿಯರ್ ಪೆಟ್ಟಿಗೆ ಹೊತ್ತು ನನ್ನ ಸೌನಾಗೆ ನಡೆಯುತ್ತಾರೆ.

ಹಾಲ್‌ನ ಬಾಗಿಲಲ್ಲಿ ಒಂದು ಹಿತ್ತಾಳೆಯ ಫಲಕವಿದೆ. ಹಾಲ್ ಉದ್ಘಾಟನೆಯ ದಿನ ರೈನೆ ಕುಣಿದಾಡಿ ಹಾಕಿಸಿದ್ದು. 'ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪದಕ ಗೆದ್ದು ಈ ಊರಿಗೆ ಮೊದಲು ತರುವವರು, ತಮಗೆ ಬೇಕಾದ ದಿನ, ಬೇಕಾದ ಹೊತ್ತು ಆರಿಸಿಕೊಳ್ಳಲಿ. ಅವರು ಬದುಕಿರುವ ತನಕ ಆ ಐಸ್ ಅವರದು.' ಓದಿದವರಿಗೆ ಕಣ್ಣು ತೇವವಾಗಬೇಕು, ಹಾಗಿದೆ. ಇಂಥ ಮಾತು ಕೊಡುವುದು ರೈನೆಗೆ ಬಲು ಸಲೀಸು. ಈ ಊರಿನಿಂದ ಯಾರೂ ಏನೂ ಗೆಲ್ಲುವುದಿಲ್ಲ ಎಂಬ ಧೈರ್ಯ ಅವನಿಗೆ.

ಆದರೆ ಗೆದ್ದಿದ್ದರು. ನನ್ನ ಅಕ್ಕನ ಮಗಳು ಮೆರ್ವಿ.

ಹಾಲ್ ಕಟ್ಟಿದ ಕೆಲವೇ ವರ್ಷಕ್ಕೆ ಮೆರ್ವಿ ದೇಶದ ಹೆಂಗಸರ ತಂಡದಲ್ಲಿ ಆಡಿ, ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ತಂದಳು. ಕಂಚು ಎಂದರೆ ಕೊನೆಯ ಪಂದ್ಯ ಗೆದ್ದು ಬರುವುದು. ಬೆಳ್ಳಿಯವರ ಹಾಗೆ ಸೋತು ಅಳುತ್ತಾ ಕೊರಳೊಡ್ಡುವುದಲ್ಲ. ಅವಳು ಬಸ್ಸಿಳಿದಾಗ ನಿಲ್ದಾಣದಲ್ಲಿ ಕಾದಿದ್ದವಳು ನಾನೊಬ್ಬಳೇ, ಒಂದು ಫ್ಲಾಸ್ಕ್ ಕಾಫಿ ಹಿಡಿದುಕೊಂಡು. ಪತ್ರಿಕೆಗೆ ಅವತ್ತು ಪುರುಸೊತ್ತಿರಲಿಲ್ಲ. ಮೀನು ಹಿಡಿಯುವ ಸ್ಪರ್ಧೆಯಲ್ಲಿ ರೈನೆ ದೊಡ್ಡ ಮೀನು ಹಿಡಿದಿದ್ದ, ಮುಖಪುಟದಲ್ಲಿ ಅವನೂ ಮೀನೂ ಬಾಯಿ ತೆರೆದುಕೊಂಡು ನಿಂತಿದ್ದರು. ಮೆರ್ವಿ ಎದುರಿಗೆ ಸಿಕ್ಕಾಗ ರೈನೆ ಭುಜ ತಟ್ಟಿ, "ಕಂಚಾ? ಪರವಾಗಿಲ್ಲ ಬಿಡು, ಮುಂದಿನ ಸಲ ನೋಡೋಣ" ಎಂದಿದ್ದ. ಮನೆಯಲ್ಲಿ ಯಾರೋ ತೀರಿಕೊಂಡವರಿಗೆ ಹೇಳುವ ಧಾಟಿ. ಅಂದರೆ ಊರಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದೂ ಮರೆಯುವುದು ನಮ್ಮೂರಿನವರು ಪಳಗಿಸಿಕೊಂಡ ವಿದ್ಯೆ.

ಅವತ್ತು ಸಂಜೆ ನಾವಿಬ್ಬರೇ ಸೌನಾದಲ್ಲಿ ಕೂತೆವು. ಆ ಕಾಲಕ್ಕೆ ನನಗೊಂದು ತಲೆನೋವಿತ್ತು, ಗಂಡಸರು ಸೌನಾದ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಮೆರ್ವಿ ಬಟ್ಟೆ ಹಾಕಿಕೊಳ್ಳುತ್ತಾ ಚೀಲದಿಂದ ಪದಕ ತೆಗೆದಳು.

"ತಗೋ ಚಿಕ್ಕಮ್ಮ, ಕೀಲಿನ ಇದಕ್ಕೆ ಕಟ್ಟು. ಭಾರ ಇದೆ. ಯಾರ ಜೇಬಲ್ಲೂ ಹಿಡಿಯಲ್ಲ."

"ಬುದ್ಧಿ ಇದೆಯೇನೇ ನಿಂಗೆ? ಗೋಡೆಗೆ ಮೊಳೆ ಹೊಡೆದು ಹಾಕೋ ಸಾಮಾನು ಇದು!"

"ಗೋಡೆ ಮೇಲಿದ್ರೆ ದಿನಾ ನೋಡಬೇಕಾಗುತ್ತೆ" ಎಂದು ತಾನೇ ಪಟ್ಟಿ ಬಿಚ್ಚಿ ಬಿಸಾಡಿ, ದಾರ ಪೋಣಿಸಿ ಕೀಲಿಗೆ ಕಟ್ಟಿದಳು. ಗಂಟನ್ನು ಎರಡು ಸಲ ಬಿಚ್ಚಿ ಮತ್ತೆ ಹಾಕಿದಳು. ನಾನು ನೋಡದವಳ ಹಾಗೆ ಬಕೆಟ್ಟು ತೊಳೆದೆ.

ಫಲಕದ ಮಾತು ಹಿಡಿದು ಐಸ್ ಕೇಳು ಎಂದು ನಾನು ಅವಳ ಬೆನ್ನು ಬಿದ್ದದ್ದು ಒಂದೆರಡು ಸಲವಲ್ಲ. "ಕೇಳಿ ಇಸ್ಕೊಳ್ಳೋ ಮರ್ಯಾದೆ ನಂಗ್ಯಾಕೆ ಚಿಕ್ಕಮ್ಮ? ನೀನೂ ಬಾಯಿ ಬಿಡಬೇಡ" ಎನ್ನುತ್ತಿದ್ದಳು. ನಮ್ಮ ಜನ ಹೀಗೇ. ಕಳ್ಳತನ ಮಾಡಿದವನನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡಾರು, 'ನಾನು ಗೆದ್ದೆ' ಎಂದು ಬಾಯಿಬಿಟ್ಟು ಹೇಳಿದವರನ್ನು ಯಾರೂ ಕಾಫಿಗೂ ಕರೆಯುವುದಿಲ್ಲ. ಗೆದ್ದವರು ಸುಮ್ಮನಿರಬೇಕು, ಊರು ತಾನಾಗಿ ಮೆರೆಸಬೇಕು. ಊರೂ ಸುಮ್ಮನಿದ್ದುಬಿಟ್ಟರೆ ಏನು ಮಾಡಬೇಕೆಂದು ಯಾರೂ ಯೋಚಿಸಿಲ್ಲ.

ಮೆರ್ವಿ ಆಟ ಬಿಟ್ಟ ಮೇಲೆ ಊರಿನ ಹುಡುಗಿಯರಿಗೆ ತರಬೇತಿ ಕೊಡಲು ನಿಂತಳು. ಅವರಿಗೆ ನಗರಸಭೆ ದಯಪಾಲಿಸಿದ ಹೊತ್ತು ಭಾನುವಾರ ಬೆಳಗ್ಗೆ ಆರು ಗಂಟೆ. ಆ ಹೊತ್ತಿಗೆ ನಮ್ಮೂರಲ್ಲಿ ನಾಯಿಗಳೂ ಏಳುವುದಿಲ್ಲ. ಹುಡುಗಿಯರು ಏಳುತ್ತಿದ್ದರು. ಚಳಿಗಾಲದ ಕತ್ತಲೆಯಲ್ಲಿ, ಹಿಮದಲ್ಲಿ ಚೀಲ ಎಳೆದುಕೊಂಡು, ಅರೆಗಣ್ಣಿನಲ್ಲಿ ಬಂದು ಆಡುತ್ತಿದ್ದರು. ನಾನು ಅವರಿಗೋಸ್ಕರ ಬೇಗ ಬಂದು ಹಾಲು ಕಾಯಿಸಿಡುತ್ತಿದ್ದೆ.

ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದು ಕೇಳಿ.

ಚಿನ್ನ ಬಂದ ಮರುವಾರ ರೈನೆ ಕುಂಟುತ್ತಾ ನನ್ನ ಅಂಗಡಿಗೆ ಬಂದ. ಮೆರ್ವಿ ಅಲ್ಲೇ ಪಕ್ಕದ ಯಂತ್ರದಲ್ಲಿ ಹುಡುಗಿಯರ ಸ್ಕೇಟು ಸಾಣೆ ಹಿಡಿಯುತ್ತಿದ್ದಳು.

"ತೆರ್ತು, ಶನಿವಾರ ಚೌಕದಲ್ಲಿ ವೇತಿಗೆ ಕೇಕು ಕಾಫಿ. ಇಡೀ ಊರಿಗೆ. ಬನ್ನು ನಿನ್ನ ಕೈದೇ ಆಗ್ಬೇಕು."

"ಇಡೀ ಟೂರ್ನಿ ಕೂತು ತಿಂದವನಿಗೆ ಇನ್ನೂ ತಿನ್ನಿಸ್ತೀರಾ?"

"ನಿನ್ನ ನಾಲಿಗೆಗೆ ಈ ಊರಲ್ಲಿ ಔಷಧಿ ಇಲ್ಲ ನೋಡು" ಎಂದು ನಕ್ಕು, ಮೆರ್ವಿಯ ಕಡೆ ತಿರುಗಿದ. "ಮೆರ್ವಿ, ನೀನೂ ಇದ್ದೀಯಾ, ಒಳ್ಳೇದೇ ಆಯ್ತು. ನಿನ್ನ ಹುಡುಗೀರ್ನ ಕರ್ಕೊಂಡು ಬಾ. ಬಾವುಟ ಹಿಡ್ಕೊಂಡು ವೇದಿಕೆ ಎರಡೂ ಕಡೆ ನಿಂತ್ರೆ ಫೋಟೋಗೆ ಲಕ್ಷಣವಾಗಿರುತ್ತೆ."

ಮೆರ್ವಿ ಯಂತ್ರ ನಿಲ್ಲಿಸಿ ಆಗಲಿ ಎಂಬಂತೆ ತಲೆಯಾಡಿಸಿದಳು.

"ಹಾಂ, ಇನ್ನೊಂದು ವಿಷ್ಯ. ವೇತಿ ಹೆಸರಲ್ಲಿ ಹುಡುಗರಿಗೆ ಚಿನ್ನದ ಅಕಾಡೆಮಿ ಅಂತ ಶುರು ಮಾಡ್ತಿದೀವಿ. ಫಲಕದ ಮಾತು ಇದೆಯಲ್ಲ, ಮೊದಲ ಪದಕ ತಂದವರು ಹೊತ್ತು ಆರಿಸ್ಕೊಳ್ಬೇಕು ಅಂತ? ಶನಿವಾರ ವೇದಿಕೆ ಮೇಲೆ ವೇತಿ ಆರಿಸ್ಕೊಳ್ತಾನೆ. ಭಾನುವಾರ ಬೆಳಗ್ಗೆ."

"ಅದು ಹುಡುಗೀರದು" ಎಂದಳು ಮೆರ್ವಿ.

"ಗೊತ್ತಮ್ಮ. ಆದ್ರೆ ಬೇರೆ ಎಲ್ಲಿದೆ ಜಾಗ, ಹೇಳು? ನಿಮಗೆ ಸರೋವರ ಇದೆಯಲ್ಲ! ಜನವರಿಗೆ ಹೆಪ್ಪುಗಟ್ಟುತ್ತೆ. ನಾವೆಲ್ಲ ಅಲ್ಲೇ ಆಡಿ ಬೆಳೆದವರಲ್ವಾ? ಶುದ್ಧ ಗಾಳಿ."

ನನಗೆ ಪಿತ್ತ ನೆತ್ತಿಗೇರಿತು. "ಲೋ ರೈನೆ, ಶುದ್ಧ ಗಾಳಿ ಬೇಕಾಗಿರೋದು ನಿನ್ನ ಕರಡಿಗಳಿಗೆ. ಬುಧವಾರ ಸಂಜೆ ನೀವು ಹೋಗಿ ಸರೋವರಕ್ಕೆ."

"ನಮಗೆ ಮಂಡಿ ನೋವು ತೆರ್ತು" ಎಂದ, ಸ್ವಲ್ಪವೂ ನಾಚದೆ. ಒಂದು ಬನ್ನು ಎತ್ತಿಕೊಂಡು ಹೋದ.

ಮೆರ್ವಿ ಅರ್ಧ ಸಾಣೆಯಾದ ಸ್ಕೇಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

"ಜನವರಿ ತನಕ ಐಸ್ ಇಲ್ದೆ ತಂಡ ಉಳಿಯಲ್ಲ ಚಿಕ್ಕಮ್ಮ. ದೊಡ್ಡ ಹುಡುಗೀರು ಬೇರೆ ಊರಿಗೆ ಹೋಗ್ತಾರೆ. ಚಿಕ್ಕವರು ಬಿಟ್ಟುಬಿಡ್ತಾರೆ. ಮುಗೀತು."

"ಹಂಗಾದ್ರೆ ಈಗಾದ್ರೂ ಹೇಳೇ! ಮೊದಲ ಪದಕ ನಂದು ಅಂತ ಒಂದು ಮಾತು ಹೇಳು, ಅವನ ಬಾಯಿ ಮುಚ್ಚುತ್ತೆ!"

"ಚಿನ್ನ ತಂದ ಹುಡುಗನ ಹಬ್ಬದಲ್ಲಿ ಹೋಗಿ ನನ್ನ ಕಂಚು ಆಡಿಸ್ಲಾ? ಮುಖ ತೋರಿಸೋಕೆ ಆಗುತ್ತಾ ಆಮೇಲೆ? ಸುಮ್ನಿರು." ಸ್ಕೇಟಿನ ಅಲಗಿಗೆ ಬೆರಳು ಸವರಿ ನೋಡಿ, ಮತ್ತೆ ಯಂತ್ರಕ್ಕೆ ಹಿಡಿದಳು. ಇನ್ನು ಬೇಕಾಗದ ಸ್ಕೇಟನ್ನೂ ಅಷ್ಟು ಶ್ರದ್ಧೆಯಿಂದ ಸಾಣೆ ಹಿಡಿಯುವ ಅವಳನ್ನು ನೋಡಿ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎರಡು ಗಿರಾಕಿಗಳಿಗೆ ಸುಡುವ ಕಾಫಿ ಕೊಟ್ಟು ಬಾಯಿ ಸುಡಿಸಿದೆ.

ಶುಕ್ರವಾರ ಮಧ್ಯಾಹ್ನ ವೇತಿ ಬಂದ. ಊರಿಗೆ ಬಂದವನು ಮೊದಲು ಅಮ್ಮನ ಮನೆಗೆ ಹೋಗಬೇಕು ತಾನೇ? ಇಲ್ಲ, ಹಾಲ್‌ನ ಹಿಂಬಾಗಿಲಿನಿಂದ ಕಳ್ಳನ ಹಾಗೆ ಒಳಗೆ ಬಂದು ನನ್ನ ಅಂಗಡಿಯ ಮೂಲೆಯಲ್ಲಿ ಕೂತ. ಆರಡಿ ಮೇಲೆ ಎತ್ತರದ ಹುಡುಗ, ಕುರ್ಚಿಯಲ್ಲಿ ಮಡಿಸಿಟ್ಟ ಹಾಗೆ ಕಾಣುತ್ತಿದ್ದ.

"ಏನಪ್ಪ ವಿಶ್ವವಿಜೇತ, ಸಾಸೇಜು ಎಷ್ಟು?"

"ಹಂಗನ್ಬೇಡ ತೆರ್ತು. ಎರಡು ಕೊಡು. ಸಾಸಿವೆ ಜಾಸ್ತಿ."

"ಕೊರಳಿಗೆ ಚಿನ್ನ ಹಾಕ್ಕೊಳ್ಳೋದು ಬಿಟ್ಟು ಯಾಕೆ ಮುಖ ಹಂಗೆ ಮಾಡಿದೀಯ?"

"ಏನು ಮಾಡಿದೀನಿ ಅಂತ ಹಾಕ್ಕೊಳ್ಳಲಿ? ಚೀಲದಲ್ಲಿದೆ." ಸಾಸೇಜು ಕಚ್ಚಿ, ತುಂಬಾ ಹೊತ್ತು ಅಗಿದ. "ರೈನೆ ನಾಳೆ ಏನು ಹೇಳ್ಬೇಕೂಂತ ಫೋನ್ ಮಾಡಿ ಬಾಯಿಪಾಠ ಮಾಡಿಸಿದಾನೆ. ಭಾನುವಾರ ಬೆಳಗ್ಗೆ ಅನ್ನಬೇಕಂತೆ. ಆ ಹೊತ್ತು ಖಾಲಿ ಇದೆ ಅಂದ."

"ಖಾಲಿ ಇದೆ ಅಂದ್ನಾ! ನಿನಗೆ ಗೋಲಿನ ಮುಂದೆ ನಿಲ್ಲೋದು ಕಲಿಸಿದ್ದು ಯಾರು?"

"ಮೆರ್ವಿ."

"ಭಾನುವಾರ ಬೆಳಗ್ಗೆ ಐಸ್ ಮೇಲೆ ಇರೋದೂ ಮೆರ್ವಿನೇ, ಅವಳ ಹುಡುಗೀರೇ. ನಾಳೆ ನೀನು ಬಾಯಿ ತೆಗೆದ್ರೆ ಅವರ ತಂಡ ಮುಚ್ಚಿಹೋಗುತ್ತೆ, ತಿಳ್ಕೋ."

ವೇತಿ "ಹೂಂ" ಎಂದ. ನಮ್ಮ ಕಡೆಯ ಗಂಡಸರ ಹೂಂ ಎಂಬುದಕ್ಕೆ ಅರ್ಥ ಹುಡುಕಬಾರದು. ಮದುವೆಗೂ ಅದೇ, ಸಾವಿಗೂ ಅದೇ. ಕೈ ಒರೆಸಿಕೊಂಡು, "ಸೌನಾ ಕೀಲಿ ಕೊಡ್ತೀಯಾ?" ಎಂದು ಕೇಳಿದ. ಕೊಟ್ಟೆ.

ಹೋದವನು ಐದೇ ನಿಮಿಷಕ್ಕೆ ವಾಪಸು ಬಂದ. ಅಂಗಿಯ ಗುಂಡಿ ಬಿಚ್ಚಿತ್ತು, ಕಾಲಲ್ಲಿ ಶೂ ಇರಲಿಲ್ಲ. ಕೀಲಿಗೆ ಕಟ್ಟಿದ ಕರಿಹಿಡಿದ ಬಿಲ್ಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

"ತೆರ್ತು, ಇದು ಯಾರದು?"

ಎಷ್ಟೋ ವರ್ಷ ಊರಿನ ಗಂಡಸರೆಲ್ಲ ಹಿಡಿದ ಕೀಲಿ ಅದು. ಹಿಂಬದಿಯಲ್ಲಿ 'ವಿಶ್ವ ಚಾಂಪಿಯನ್‌ಶಿಪ್, ಮೂರನೆಯ ಸ್ಥಾನ' ಎಂದು ಕೆತ್ತಿದ್ದನ್ನು ಒಬ್ಬನೂ ತಿರುಗಿಸಿ ನೋಡಿದವನಲ್ಲ. ಪಾಪ, ಈ ಹುಡುಗನಿಗೆ ಹೋದ ವಾರವಷ್ಟೇ ಅಂಥದ್ದೇ ಒಂದು ಕೊರಳಿಗೆ ಬಿದ್ದಿತ್ತು, ಅದರ ತೂಕ ಕೈಗೆ ಗೊತ್ತಿತ್ತು. ಬಾಯಿ ಬಿಡಬೇಡ ಎಂದು ಮೆರ್ವಿ ಹೇಳಿದ್ದಳಲ್ಲ, ನಾನು ಬಿಡಲಿಲ್ಲ. ಸುಮ್ಮನೆ ಐಸ್ ಕಡೆ ಗದ್ದ ತೋರಿಸಿದೆ. ಅಲ್ಲಿ ಮೆರ್ವಿ ಒಬ್ಬಳೇ ಗೋಲಿನ ಬಲೆ ಬಿಚ್ಚಿ ಸುತ್ತುತ್ತಿದ್ದಳು.

ವೇತಿ ಅವಳನ್ನು ನೋಡಿದ. ಆಮೇಲೆ ಕೀಲಿಯನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟ, ಮೊಟ್ಟೆ ಇಡುವ ಹಾಗೆ.

"ನಾಳೆ ಚೌಕಕ್ಕೆ ಬರ್ತೀಯಲ್ಲ, ಇದು ನಿನ್ನ ಜೇಬಲ್ಲಿರ್ಲಿ" ಎಂದ.

ಶನಿವಾರ ಸರೋವರದ ಕಡೆಯಿಂದ ಹಾಳು ಗಾಳಿ. ಆದರೂ ಊರು ಚೌಕದಲ್ಲಿ ನೆರೆದಿತ್ತು, ಕೇಕು ಬಿಟ್ಟಿ ಎಂದಿದ್ದರಲ್ಲ. ಕೇಕಿನ ಮೇಲೆ ಸಕ್ಕರೆಯಲ್ಲಿ ವೇತಿಯ ಮುಖ, ಗೋಲ್‌ಕೀಪರ್ ಮುಖವಾಡ ಸಮೇತ. ಟೂರ್ನಿಯಲ್ಲಿ ಅವನು ಮುಖವಾಡ ಹಾಕಿದ್ದು ಅದೊಂದೇ ಕಡೆ. ವೇದಿಕೆಯ ಎರಡೂ ಬದಿ ಮೆರ್ವಿಯ ಹುಡುಗಿಯರು ಬಾವುಟ ಹಿಡಿದು ನಿಂತಿದ್ದರು, ಚಳಿಗೆ ತುಟಿ ನೀಲಿಗಟ್ಟಿತ್ತು. ತಮ್ಮ ಐಸ್ ಕಿತ್ತುಕೊಳ್ಳುವ ಸಮಾರಂಭಕ್ಕೆ ತಾವೇ ಅಲಂಕಾರ ಎಂದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಮೆರ್ವಿ ಅವರ ಹಿಂದೆ ನಿಂತಿದ್ದಳು. ಹಳೇ ಕರಡಿಗಳು ಮುಂದಿನ ಸಾಲಿನಲ್ಲಿ, ಕುರ್ಚಿಯ ಮೇಲೆ.

ರೈನೆ ಭಾಷಣ ಶುರು ಮಾಡಿದ. ಸರೋವರ, ಪೂರ್ವಜರು, ಛಲ, ಎಲ್ಲ ಬಂತು. ತನ್ನ ಮಂಡಿಯೂ ಬಂತು. ಕೊನೆಗೆ ವೇತಿಯನ್ನು ಮುಂದೆ ಎಳೆದು, ಮೈಕು ಅವನ ಬಾಯಿಗೆ ಹಿಡಿದ.

"ಹೇಳು ವೇತಿ! ಆ ಘಳಿಗೆ ಹೆಂಗನ್ನಿಸ್ತು?"

"ಚೆನ್ನಾಗನ್ನಿಸ್ತು."

ಜನ ಚಪ್ಪಾಳೆ ತಟ್ಟಿದರು. ನಮ್ಮಲ್ಲಿ ಇದು ದೀರ್ಘ ಭಾಷಣ.

"ಈಗ, ಫಲಕದ ಮಾತಿನ ಪ್ರಕಾರ," ರೈನೆ ಎದೆಯುಬ್ಬಿಸಿದ, "ಈ ಊರಿಗೆ ಮೊದಲ ಪದಕ ತಂದ ವೇತಿ ತನ್ನ ಹೊತ್ತು ಆರಿಸ್ಕೊಳ್ತಾನೆ. ಊರು ಕೊಟ್ಟ ಮಾತು ಊರು ಉಳಿಸ್ಕೊಳ್ಳುತ್ತೆ. ಹೇಳಪ್ಪ, ಯಾವ ದಿನ?"

ವೇತಿ ತನ್ನ ಶೂ ನೋಡಿಕೊಂಡ. "ನಾನು ಮೊದಲನೆಯವನಲ್ಲ" ಎಂದ.

"ಏನಂದೆ?"

"ಮೊದಲು ತಂದಿದ್ದು ಮೆರ್ವಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲೇ. ಅವಳು ಆಡಿ ತಂದ್ಲು. ನಾನು ಕೂತಿದ್ದೆ."

ರೈನೆಯ ನಗು ಮುಖದ ಮೇಲೆ ಹಾಗೇ ಸಿಕ್ಕಿಹಾಕಿಕೊಂಡಿತ್ತು.

"ಅದೂ... ಹೂಂ, ಕಂಚು ಅಂತ ಏನೋ ಕೇಳಿದ್ದೆ. ಅದು ಬೇರೆ ಲೆಕ್ಕ ಅಲ್ವಾ? ಹೆಂಗಸರದ್ದು... ಅಲ್ಲದೆ ನಮ್ಮೂರಲ್ಲಿ ಯಾರಾದ್ರೂ ಅದನ್ನ ಕಣ್ಣಾರೆ ನೋಡಿದೀರಾ? ನಾನಂತೂ ಕಂಡಿಲ್ಲಪ್ಪ."

ಅಷ್ಟು ಸಾಕಾಯಿತು ನನಗೆ. ಬನ್ನಿನ ತಟ್ಟೆಯನ್ನು ಯಾರದೋ ಕೈಗೆ ತುರುಕಿ ವೇದಿಕೆ ಹತ್ತಿದೆ. ಮೆರ್ವಿ ಹಿಂದಿನಿಂದ "ಚಿಕ್ಕಮ್ಮ, ಬೇಡ" ಎಂದದ್ದು ಕೇಳಿಸಿತು. ನನ್ನ ಕಿವಿ ಆ ದಿನ ಸ್ವಲ್ಪ ಮಂದವಾಗಿತ್ತು.

"ಲೋ ರೈನೆ, ನೀನು ಕಂಡಿಲ್ವಾ? ಪ್ರತಿ ಬುಧವಾರ ನಿನ್ನ ಕೈಯಲ್ಲಿರುತ್ತಲ್ಲೋ ಇದು!" ಎಂದು ಜೇಬಿನಿಂದ ಕೀಲಿ ತೆಗೆದು ಅವನ ಮೂಗಿನ ಮುಂದೆ ಹಿಡಿದೆ. ಬೆಳಗ್ಗೆ ಅಡುಗೆ ಸೋಡಾ ಹಾಕಿ ತಿಕ್ಕಿದ್ದೆ. ಕಂಚು ಕಂಚಿನ ಹಾಗೆ ಹೊಳೆಯುತ್ತಿತ್ತು.

ಮುಂದಿನ ಸಾಲಿನಲ್ಲಿ ಹಲ್ಲಿನ ಡಾಕ್ಟರು ಎದ್ದು ನಿಂತ. "ಅಯ್ಯೋ, ಅದು ಸೌನಾ ಕೀಲಿ ಅಲ್ವೇನೋ?"

"ಹೌದು. ತಿರುಗಿಸಿ ಓದು ರೈನೆ, ಮೈಕಿನಲ್ಲೇ ಓದು. ಅಕ್ಷರ ನನ್ನ ಜೊತೆನೇ ಕಲಿತವನು ನೀನು."

ರೈನೆ ತಿರುಗಿಸಿದ. ಓದಿದ. ಗಟ್ಟಿಯಾಗಿ ಅಲ್ಲ. ಕಿವಿ ಕೆಂಪಗಾಗಿ, ಆ ಕೆಂಪು ಕುತ್ತಿಗೆಗೆ ಇಳಿಯುವುದನ್ನು ಊರೆಲ್ಲ ನೋಡಿತು. ಅವನು ಮೈಕು ಪಕ್ಕಕ್ಕೆ ಸರಿಸಿ ನನಗೊಬ್ಬಳಿಗೇ ಹೇಳಿದ, "ತೆರ್ತು, ನಾನು ಇದರ ಮೇಲೆ ಬಿಯರ್ ಇಡ್ತಿದ್ದೆ ಕಣೇ." ಆದರೆ ಮೈಕಿಗೂ ಆ ದಿನ ನನ್ನ ಪಕ್ಷ. ಅಷ್ಟೂ ಮಾತು ಚೌಕದ ಮೂಲೆಮೂಲೆಗೆ ಕೇಳಿಸಿತು.

ಮೊದಲು ನಕ್ಕವರು ಹೆಂಗಸರು. ಆಮೇಲೆ ಎಲ್ಲರೂ. ಕರಡಿಗಳು ಮಾತ್ರ ಒಬ್ಬರ ಶೂ ಒಬ್ಬರು ನೋಡುತ್ತಿದ್ದರು.

ಎಲ್ಲ ನಕ್ಕು ಮುಗಿದ ಮೇಲೆ ಜನರ ಕಣ್ಣು ಮೆರ್ವಿಯ ಕಡೆ ತಿರುಗಿತು. ಈ ಹುಡುಗಿ ಈಗ 'ಬೇಡ, ಪರವಾಗಿಲ್ಲ' ಎಂದುಬಿಟ್ಟರೆ ಮುಗಿಯಿತು, ರೈನೆ ಅದನ್ನೇ ಕಾಯುತ್ತಿದ್ದಾನೆ. ಅವಳು ಬಾಯಿ ತೆರೆದದ್ದೂ ಹಾಗೇ. "ಬೇಡ, ಇದೆಲ್ಲ ಯಾಕೆ..." ಎಂದಳು. ನನಗೆ ಅವಳನ್ನು ಅಲ್ಲೇ ಹಿಡಿದು ನಾಲ್ಕು ಬಾರಿಸೋಣ ಎನ್ನಿಸಿತು.

ಬಾವುಟ ಹಿಡಿದಿದ್ದ ಹುಡುಗಿಯೊಬ್ಬಳು ಹಿಂತಿರುಗಿ ಮೆರ್ವಿಯನ್ನು ನೋಡಿದಳು. "ನಿಜ್ವಾ? ನೀನು ಗೆದ್ದಿದ್ಯಾ? ನಮಗ್ಯಾಕೆ ಹೇಳ್ಲಿಲ್ಲ?"

ಅಷ್ಟು ವರ್ಷ ನಾನು ಬೈದದ್ದು, ಬೇಡಿಕೊಂಡದ್ದು ಯಾವುದೂ ಮಾಡದ ಕೆಲಸವನ್ನು ಆ ಒಂದು ಪ್ರಶ್ನೆ ಮಾಡಿತು. ಅವಳು ಆ ಮಕ್ಕಳ ನೀಲಿಗಟ್ಟಿದ ತುಟಿಗಳನ್ನು ಒಂದೊಂದಾಗಿ ನೋಡಿದಳು. ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಕರಡಿಗಳನ್ನು ನೋಡಿದಳು. ವೇದಿಕೆ ಹತ್ತಿ ಬಂದು ರೈನೆಯ ಕೈಯಿಂದ ಮೈಕು ತೆಗೆದುಕೊಂಡಳು. ಇನ್ನೊಂದು ಕೈಯಿಂದ ಪದಕ ತೆಗೆದುಕೊಂಡಳು.

"ನಾನು ಗೆದ್ದಿದ್ದೆ" ಎಂದಳು. ಪದಕವನ್ನು ಹುಡುಗಿಯರ ಕಡೆ ಎತ್ತಿ ಹಿಡಿದು, "ಬುಧವಾರ. ಸಂಜೆ ಆರು ಗಂಟೆ" ಎಂದಳು.

ಮುಂದಿನ ಸಾಲಿನಿಂದ ಹಲ್ಲು ಕೀಳಿಸಿಕೊಂಡವರ ಹಾಗೆ ಒಂದು ನರಳಾಟ ಬಂತು. ಬ್ಯಾಂಕಿನ ಮ್ಯಾನೇಜರು ಇರಬೇಕು.

"ಮೆರ್ವಿ," ರೈನೆ ಬೆಣ್ಣೆಯಂಥ ದನಿಯಲ್ಲಿ ಹೇಳಿದ, "ಭಾನುವಾರ ಬೆಳಗ್ಗೆದು ನೀನೇ ಇಟ್ಕೋ, ಅಕಾಡೆಮಿಗೆ ಬೇರೆ ಏನಾದ್ರೂ ಮಾಡೋಣ. ಆದ್ರೆ ಬುಧವಾರ ಆರು ಗಂಟೆ ಅಂದ್ರೆ..."

"ನಿಮ್ಮದು. ಗೊತ್ತು."

"ಊರು ಕೊಟ್ಟ ಮಾತು ಊರು ಉಳಿಸ್ಕೊಳ್ಳುತ್ತೆ ಅಂತ ನೀನೇ ಅಂದೆ" ಎಂದ ವೇತಿ ಹಿಂದಿನಿಂದ. ಅವನ ಜೀವಮಾನದಲ್ಲಿ ಅಷ್ಟು ಉದ್ದದ ವಾಕ್ಯವನ್ನು ಯಾರೂ ಕೇಳದೆ ತಾನಾಗಿ ಹೇಳಿದ್ದು ಅದೇ ಮೊದಲು. ಆಮೇಲೆ ಕೇಕಿನ ಮೇಲಿದ್ದ ತನ್ನ ಮುಖದ ನಟ್ಟನಡುವೆ ಚಾಕು ಹಾಕಿ, ಮೊದಲ ತುಂಡನ್ನು ಮೆರ್ವಿಗೆ ಕೊಟ್ಟ. ನಾನು ಬನ್ನು ಹಂಚುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಆಗಸ್ಟಿನಲ್ಲಿ ಹಾಲ್‌ನಲ್ಲಿ ಹೊಸ ಐಸ್ ಹಾಕಿದರು. ಈಗ ಬುಧವಾರ ಸಂಜೆ ಆರಕ್ಕೆ ಅಲ್ಲಿ ನಡೆಯುವ ಗಲಾಟೆಗೆ ನನ್ನ ಅಂಗಡಿಯ ಲೋಟಗಳು ಗಲಗಲ ಎನ್ನುತ್ತವೆ. ಪದಕಕ್ಕೆ ಗಾಜಿನ ಪೆಟ್ಟಿಗೆ ಮಾಡಿಸೋಣ ಎಂದು ನಗರಸಭೆ ಈಗ ಕುಣಿಯುತ್ತಿದೆ. ಮೆರ್ವಿ ಒಪ್ಪಲಿಲ್ಲ. ನನ್ನ ಅಂಗಡಿಯ ಕಿಟಕಿಯಲ್ಲಿ, ಸಾಸಿವೆ ಬಾಟಲಿಯ ಪಕ್ಕದ ಮೊಳೆಗೆ ತೂಗಿಹಾಕಿದ್ದಾಳೆ. ಹುಡುಗಿಯರು ಐಸಿಗೆ ಇಳಿಯುವ ಮೊದಲು ಸಾಲಾಗಿ ಬಂದು ಮುಟ್ಟಿಹೋಗುತ್ತಾರೆ, ಅಂಟುಗೈ ಸಮೇತ.

ಹಳೇ ಕರಡಿಗಳು ಭಾನುವಾರ ಬೆಳಗ್ಗೆ ಆರಕ್ಕೆ ಆಡುತ್ತಾರೆ. ಶುದ್ಧ ಗಾಳಿ, ನಾಯಿಗಳೂ ಏಳದ ಹೊತ್ತು. ಅವರಿಗೋಸ್ಕರ ನಾನು ಬೇಗ ಬರುವುದಿಲ್ಲ, ಕಾಫಿ ಮನೆಯಿಂದ ತರುತ್ತಾರೆ. ಸೌನಾ ಮಾತ್ರ ತಪ್ಪಿಸಿಲ್ಲ. ಮೊದಲ ಭಾನುವಾರ ಆಟ ಮುಗಿಸಿ, ನಾನು ಅಂಗಡಿ ತೆರೆಯುವುದನ್ನೇ ಕಾದಿದ್ದು, ರೈನೆ ಕುಂಟುತ್ತಾ ಬಂದು ಕೈ ಚಾಚಿದ. ಕೀಲಿಗೆ ನಾನು ಒಂದು ಹಳೆಯ ರಬ್ಬರಿನ ಪಕ್ ಕಟ್ಟಿದ್ದೆ. ಊರಿನ ಪ್ರತಿ ಮನೆಯ ಮೂಲೆಯಲ್ಲೂ ಬಿದ್ದಿರುವಂಥದ್ದು, ಮೇಲೆ ಗೀರು ಬಿಟ್ಟರೆ ಏನೂ ಇಲ್ಲ.

ಅವನು ಅದನ್ನು ಇಸಿದುಕೊಂಡು ನಾಲ್ಕು ಹೆಜ್ಜೆ ಹೋದ. ಅಲ್ಲೇ ನಿಂತ. ನಾನು ನೋಡುತ್ತಿಲ್ಲ ಎಂದುಕೊಂಡು, ಆ ಪಕ್ ಅನ್ನು ತಿರುಗಿಸಿ ನೋಡಿದ. ಆ ಕಡೆಯಿಂದಲೂ ನೋಡಿದ. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.